ಆಲೆಮನೆಯಲ್ಲಿ ಕಂಪ್ಯೂಟರ್ ಕನ್ನಡಕ

ನವೆಂಬರ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಬಾಯಿತುಂಬ ಪೇಸ್ಟಿನ ನೊರೆ ಇರುವಾಗಲೇ ಫೋನು ಬಂತು. ಕೊತ್ತತ್ತಿ ಹತ್ತಿರದ ಹಳ್ಳಿಯಿಂದ ನಮ್ಮ ಅತ್ತೆ.

‘ನಿಮ್ಮಾವ ಪಾಕ ಕೆಡ್ಸವ್ರೆ ಕಣವ್ವ’ ಎಂದರು.

ನಾನು ನೊರೆ ನುಂಗಿಬಿಟ್ಟೆ.

ಇದರಲ್ಲಿ ನೊರೆ ನುಂಗುವಂಥದ್ದೇನಿದೆ ಎಂದು ಕೇಳುವವರಿಗೆ ಒಂದು ಮಾತು. ನಮ್ಮ ಸೋದರಮಾವ ಪುಟ್ಟಸ್ವಾಮಿ ಆಲೆಮನೆಯಲ್ಲಿ ಪಾಕ ನೋಡುವವರು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಕುದಿದು ಬೆಲ್ಲವಾಗುವ ಒಂದು ಗಳಿಗೆ ಇರುತ್ತದೆ. ಅದಕ್ಕಿಂತ ಮೊದಲೇ ಇಳಿಸಿದರೆ ಅಚ್ಚು ನಿಲ್ಲುವುದಿಲ್ಲ, ಮಾರನೆಯ ದಿನವೇ ಬೆಲ್ಲ ಬೆವರುತ್ತದೆ. ತಡವಾಯಿತೋ, ತಳ ಹತ್ತಿ ಕಪ್ಪಾಗಿ ಕಹಿಯಾಗುತ್ತದೆ. ಆ ಗಳಿಗೆ ಬಂದಾಗ ಗುಳ್ಳೆಗಳ ಗಾತ್ರ ಬದಲಾಗುತ್ತದೆ, ಬಣ್ಣ ತಿರುಗುತ್ತದೆ. ಅದನ್ನು ಕಣ್ಣಲ್ಲೇ ಹಿಡಿದು ‘ಇಳಿಸ್ರಲಾ’ ಎಂದು ಕೂಗುವುದೇ ಪಾಕ ನೋಡುವವರ ಕೆಲಸ. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡುವುದೂ ಉಂಟು. ಆದರೆ ಆ ಹನಿಯನ್ನು ಯಾವಾಗ ಬಿಡಬೇಕು ಎಂದು ಹೇಳಬೇಕಾದದ್ದು ಕಣ್ಣೇ.

ಅವತ್ತು ಮಾವನ ಕಣ್ಣು ಹೇಳಲಿಲ್ಲ. ಬೆಳಗಿನ ಕೊಪ್ಪರಿಗೆ ಸೀದುಹೋಯಿತು.

ಆಲೆಮನೆಯ ಯಜಮಾನರು ಬೋರೇಗೌಡರು. ಕೂಗಾಡುವವರಲ್ಲ. ಅವರು ಹೇಳಿದ್ದನ್ನು ಅತ್ತೆ ಅವರದೇ ದನಿಯಲ್ಲಿ ಒಪ್ಪಿಸಿದರು: ‘ಪುಟ್ಟಸ್ವಾಮಿ, ನಿನ್ ಕಣ್ಣು ಕೆಟ್ಟೋಗವೆ. ಗುರುವಾರಗಂಟ ನಾನೇ ನೋಡ್ಕತೀನಿ. ಶುಕ್ರವಾರ ನೀನು ನಿಂತ್ಕೊ. ಅವತ್ತೂ ಇಂಗೇ ಆದ್ರೆ ಒಲೆಗೆ ಸಿಪ್ಪೆ ಹಾಕಕ್ಕೆ ಓಗು.’

ಪಾಕ ನೋಡುವವರನ್ನು ಒಲೆಗೆ ಕಬ್ಬಿನ ಸಿಪ್ಪೆ ಹಾಕಲು ಕಳಿಸುವುದೆಂದರೆ ಏನು ಗೊತ್ತೇ? ಬಸ್ಸಿನ ಡ್ರೈವರನ್ನು ಅದೇ ಬಸ್ಸು ತೊಳೆಯಲು ನಿಲ್ಲಿಸಿದ ಹಾಗೆ. ಕೂಲಿ ಎಷ್ಟು ಕಡಿಮೆಯಾಗುತ್ತದೆ ಎನ್ನುವುದು ಆಮೇಲಿನ ಮಾತು. ಊರು ನೋಡುತ್ತಿರುತ್ತದಲ್ಲ?

‘ಎಲ್ಲಾರೂ ಪೊರೆ ಬಂದದೆ ಅಂತಾವ್ರೆ’ ಎಂದರು ಅತ್ತೆ. ‘ಲೈಟಿನ ಸುತ್ತ ಬಲೆ ಕಟ್ಟದಂಗೆ ಕಾಣ್ತದಂತೆ. ಅಪರೇಸನ್ನು ಮಾಡ್ಸುದ್ರೆ ಎಷ್ಟು ದಿನ ಒಲೆ ಅತ್ರ ಓಗಂಗಿಲ್ವೋ ಏನೋ. ಅಷ್ಟೊತ್ಗೆ ಬೇರೇರು ಬಂದು ನಿಂತಿರ್ತಾರೆ. ನೀನು ಲ್ಯಾಬಲ್ಲಿದೀಯಲ್ಲ, ಏನಾರ ಮಾಡವ್ವ.’

ನಾನು ಮಂಡ್ಯದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಕಣ್ಣಿಗೂ ನನಗೂ ಸಂಬಂಧವಿಲ್ಲ. ಆದರೆ ನಮ್ಮವರ ಪ್ರಕಾರ ಬಿಳಿ ಕೋಟು ಹಾಕಿದವರು ಎಲ್ಲದಕ್ಕೂ ಆಗಿಬರುತ್ತಾರೆ. (ಹೋದ ವರ್ಷ ಎಮ್ಮೆ ಕುಂಟಿದಾಗಲೂ ಅತ್ತೆ ಮೊದಲು ಫೋನು ಮಾಡಿದ್ದು ನನಗೇ. ಡಯರಿಯಲ್ಲಿದೆ, ತಾರೀಖು ಸಮೇತ.)

ಡಯರಿ ತೆಗೆದೆ. ಶುಕ್ರವಾರದ ಹಾಳೆಯಲ್ಲಿ ಒಂದೇ ಸಾಲು ಬರೆದೆ: ಮಾವ ಕೊಪ್ಪರಿಗೆಯ ಪಕ್ಕ ನಿಲ್ಲಬೇಕು.

ಬುಧವಾರ ಸಂಜೆ ಐದೂವರೆಗೆ ಮಾವ ಮಂಡ್ಯಕ್ಕೆ ಬಂದಿಳಿದರು. ಒಗೆದ ಬಿಳಿ ಶರ್ಟು. ಮೂಗಿನ ಮೇಲೆ ಯಾವಾಗಿನ ಹಳೆಯ ಕನ್ನಡಕ. ಬಸ್ಸಿಳಿದವರು ನನ್ನನ್ನು ದಾಟಿಕೊಂಡು ಮುಂದೆ ಹೋಗಿಬಿಟ್ಟರು.

‘ಮಾವ, ಇಲ್ಲಿದೀನಿ!’

‘ಓ, ನೀನಾ ಮಗ. ಯಾರೋ ಪೊಲೀಸ್ನೋರು ನಿಂತವ್ರೆ ಅನ್ಕಂಡೆ.’

ನಾನು ಹಾಕಿದ್ದದ್ದು ಹಳದಿ ಚೂಡಿದಾರ್. ಇನ್ನು ಮೀನಮೇಷ ಎಣಿಸುವ ಹಾಗಿರಲಿಲ್ಲ. ಮೊದಲು ಕನ್ನಡಕವಾದರೂ ಸರಿಹೋಗಲಿ ಎಂದು ಎದುರಿಗೆ ಕಂಡ ಕನ್ನಡಕದ ಅಂಗಡಿಗೆ ನುಗ್ಗಿದೆವು. ಎ.ಸಿ. ಇತ್ತು, ಗಾಜಿನ ಬಾಗಿಲಿತ್ತು, ಗೋಡೆಯ ತುಂಬ ನಗುವ ಮುಖಗಳಿದ್ದವು. (ಕನ್ನಡಕ ಹಾಕಿಕೊಂಡರೆ ಅಷ್ಟೊಂದು ನಗು ಯಾಕೆ ಬರುತ್ತದೋ ನನಗಂತೂ ಗೊತ್ತಿಲ್ಲ.)

‘ಫ್ರೇಮು ಇದೇ ಇರಲಿ. ಲೆನ್ಸು ಮಾತ್ರ ಬದಲಾಯಿಸಬೇಕು’ ಎಂದೆ.

ಕೌಂಟರಿನಲ್ಲಿದ್ದಾತ ಮಾವನ ಕನ್ನಡಕವನ್ನು ಎರಡೇ ಬೆರಳಲ್ಲಿ, ಸತ್ತ ಹಲ್ಲಿಯನ್ನು ಎತ್ತುವಂತೆ ಎತ್ತಿದರು. ಬಟ್ಟೆಯಲ್ಲಿ ಒಂದು ಸಲ ಒರೆಸಿದರು.

‘ಮೇಡಂ, ಸ್ಕ್ರಾಚ್ ತುಂಬಾ ಇದೆ. ಫ್ರೇಮೂ ಓಲ್ಡ್ ಮಾಡೆಲ್. ಲೆನ್ಸ್ ಕೂರಿಸುವಾಗ ಮುರಿದ್ರೆ ನಾವು ಜವಾಬ್ದಾರರಲ್ಲ. ಪ್ಯಾಕೇಜ್ ತಗೊಳ್ಳಿ. ಫ್ರೇಮು, ಲೆನ್ಸು, ಕೋಟಿಂಗು ಎಲ್ಲಾ ಸೇರಿ.’

ಎಲ್ಲಾ ಸೇರಿ ನಾಲ್ಕು ಸಾವಿರದ ಮೇಲೆ.

‘ಇದ್ರಂಗೆ ಕಿವಿ ಸುತ್ತೋದು ಅದಾ?’ ಎಂದರು ಮಾವ.

‘ಅಂಥದ್ದು ಈಗ ಬರಲ್ಲ ಅಂಕಲ್. ಇದು ನೋಡಿ, ಲೈಟ್ ವೇಯ್ಟ್. ಹಾಕ್ಕೊಂಡಿರೋದೇ ಗೊತ್ತಾಗಲ್ಲ.’

ಮಾವ ಆ ಹೊಸ ಫ್ರೇಮನ್ನು ಹಾಕಿಕೊಂಡರು. ಕೊಪ್ಪರಿಗೆಯ ಮೇಲೆ ಬಾಗುವ ಹಾಗೇ ಕೌಂಟರಿನ ಮೇಲೆ ಬಾಗಿದರು. ತಲೆಯನ್ನು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಆಡಿಸಿದರು. ಫ್ರೇಮು ಟಪ್ಪನೆ ಕೌಂಟರಿನ ಗಾಜಿನ ಮೇಲೆ ಬಿತ್ತು.

‘ಗೊತ್ತಾಯ್ತಲ್ಲಪ್ಪ’ ಎಂದರು.

ಮಾವನ ಕನ್ನಡಕದ ವಿಶೇಷ ಇರುವುದು ಇಲ್ಲೇ. ಅದರ ಕಡ್ಡಿಗಳು ನೆಟ್ಟಗಿಲ್ಲ. ತುದಿಯಲ್ಲಿ ಮೆತ್ತನೆಯ ತಂತಿಯ ಕೊಕ್ಕೆಗಳಿವೆ, ಅವು ಕಿವಿಯ ಹಿಂದಿನಿಂದ ಪೂರ್ತಿ ಸುತ್ತಿ ಹಿಡಿದುಕೊಳ್ಳುತ್ತವೆ. ಬಗ್ಗಿದರೂ ಬೆವೆತರೂ ಜಾರುವುದಿಲ್ಲ. ಇದು ಶೋಕಿಯಲ್ಲ. ಬಹಳ ಹಿಂದೆ, ಮಾವ ಸಾಧಾರಣ ಕನ್ನಡಕ ಹಾಕುತ್ತಿದ್ದ ಕಾಲದಲ್ಲಿ, ಅದು ಮೂಗಿನಿಂದ ಜಾರಿ ಕುದಿಯುವ ಕೊಪ್ಪರಿಗೆಗೆ ಬಿತ್ತು. ಅಷ್ಟೂ ಪಾಕವನ್ನು ಚೆಲ್ಲಬೇಕಾಯಿತು. ಕನ್ನಡಕ ಬಿದ್ದ ಬೆಲ್ಲವನ್ನು ಯಾರು ತಿನ್ನುತ್ತಾರೆ? ಅಂದಿನಿಂದ ಬೋರೇಗೌಡರ ಆಲೆಮನೆಯಲ್ಲಿ ಕಟ್ಟಪ್ಪಣೆ: ಕಿವಿ ಸುತ್ತುವ ಕನ್ನಡಕವಿದ್ದರೆ ಕೊಪ್ಪರಿಗೆಯ ಹತ್ತಿರ ಬಾ, ಇಲ್ಲದಿದ್ದರೆ ದೂರ ನಿಲ್ಲು.

ದಾರ ಕಟ್ಟಿಕೊಂಡರಾಗದೇ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. ದಾರ ಕಟ್ಟಿದರೆ ಕನ್ನಡಕ ಕೊಪ್ಪರಿಗೆಗೆ ಬೀಳುವುದಿಲ್ಲ ನಿಜ. ಮೂಗಿನಿಂದ ಜಾರುವುದು ತಪ್ಪುತ್ತದೆಯೇ? ಎರಡೂ ಕೈಯಲ್ಲಿ ಉದ್ದ ಹಿಡಿಯ ಸೌಟು ಹಿಡಿದವರು ಕನ್ನಡಕವನ್ನು ಮೇಲಕ್ಕೇರಿಸುವುದು ಯಾವ ಕೈಯಲ್ಲಿ?

ಅಂದು ಸಂಜೆ ಮೂರು ಅಂಗಡಿ ಹತ್ತಿ ಇಳಿದೆವು. ಎರಡನೆಯವರು ಫ್ರೇಮನ್ನು ಬೆಂಗಳೂರಿಗೆ ಕಳಿಸಬೇಕು, ಎಂಟು ದಿನವಾಗುತ್ತದೆ ಎಂದರು. ಮೂರನೆಯವರು ಮಾವನ ಮುಖವನ್ನೇ ನೋಡದೆ ‘ಒಂದಕ್ಕೊಂದು ಫ್ರೀ’ ಎಂದು ಹೊಸ ಫ್ರೇಮು ಎರಡನ್ನು ಮುಂದಿಟ್ಟರು. ಬೇಕಾದದ್ದು ಒಂದೂ ಸಿಗದ ಕಡೆ ಎರಡೆರಡು ಕೊಡುತ್ತಾರಲ್ಲ, ಅದಕ್ಕೆ ಏನನ್ನೋಣ?

ಅಂಗಡಿಯವರನ್ನು ಪೂರ್ತಿ ಬೈಯುವುದೂ ತಪ್ಪು. ಹಳೆಯ ಫ್ರೇಮು ಕೈಯಲ್ಲಿ ಮುರಿದರೆ ಗಿರಾಕಿ ಜಗಳಕ್ಕೆ ನಿಲ್ಲುತ್ತಾನೆ. ಅವರ ಹೆದರಿಕೆ ಅವರಿಗೆ. ಆದರೆ ‘ಆಗಲ್ಲ’ ಎನ್ನುವುದಕ್ಕೂ ‘ನನಗೆ ಬೇಡ’ ಎನ್ನುವುದಕ್ಕೂ ವ್ಯತ್ಯಾಸವಿದೆ. ಮೂವರೂ ಹೇಳಿದ್ದು ‘ಆಗಲ್ಲ’. ಅದನ್ನು ನಾನು ‘ನನಗೆ ಬೇಡ’ ಎಂದು ಬರೆದುಕೊಂಡೆ. ಹಾಗಾದರೆ ಬೇಕು ಎನ್ನುವವರು ಎಲ್ಲೋ ಒಬ್ಬರು ಇರಲೇಬೇಕಲ್ಲ?

ಮಾವ ಮಾತ್ರ ಸಪ್ಪಗಾಗಿದ್ದರು. ಬಸ್ ಹತ್ತುವ ಮುಂಚೆ ಕೇಳಿದರು, ‘ಸಿಪ್ಪೆ ಹಾಕಕ್ಕೆ ಕಣ್ಣು ಬ್ಯಾಡ, ಅಲ್ವಾ ಮಗ?’

‘ಮಾವ, ನಾಳೆ ಬೆಳಿಗ್ಗೆ ಎಂಟೂವರೆಗೆ ಮದ್ದೂರಲ್ಲಿರ್ಬೇಕು. ಕಣ್ಣಿನ ಕ್ಯಾಂಪ್ ಅದೆ. ನಾನು ರಜಾ ಹಾಕಿದೀನಿ. ಸಿಪ್ಪೆ ಗಿಪ್ಪೆ ಅಂದ್ರೆ ನೋಡು.’

ಗುರುವಾರ ಮದ್ದೂರು. ಉಚಿತ ತಪಾಸಣೆಯ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಉದ್ದ ಸಾಲು. ಸರದಿ ಬರುವಾಗ ಹನ್ನೊಂದು ದಾಟಿತ್ತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾವನ ಎರಡೂ ಕಣ್ಣಿಗೆ ಬೆಳಕು ಬಿಟ್ಟು ನಿಧಾನವಾಗಿ ನೋಡಿದರು.

‘ಪೊರೆ ಈಗಷ್ಟೇ ಶುರುವಾಗ್ತಿದೆ. ಸದ್ಯಕ್ಕೆ ಆಪರೇಷನ್ ಬೇಡ. ವರ್ಷಕ್ಕೊಂದು ಸಲ ತೋರಿಸಿ, ಸಾಕು’ ಎಂದರು.

‘ಮತ್ತೆ ಬಲೆ ಬಲೆ ಕಾಣ್ತದಲ್ಲವ್ವ?’

‘ಕನ್ನಡಕ ಕೊಡಿ ಇಲ್ಲಿ.’ ಕನ್ನಡಕವನ್ನು ಬೆಳಕಿಗೆ ಎತ್ತಿ ಹಿಡಿದರು, ತಾವೂ ಅದರ ಮೂಲಕ ನೋಡಿದರು. ‘ಅಯ್ಯೋ ತಾತ, ಇದರಲ್ಲಿ ನನಗೇ ಏನೂ ಕಾಣಲ್ಲ. ನಿಮ್ಮ ಕಣ್ಣು ಚೆನ್ನಾಗಿದೆ. ಲೆನ್ಸ್ ಹಾಳಾಗಿದೆ. ನಂಬರು ಒಂಚೂರು ಬದಲಾಗಿದೆ, ಬರೆದುಕೊಡ್ತೀನಿ. ಬೇಗ ಹಾಕಿಸಿಕೊಳ್ಳಿ.’

ತಾತ ಎಂದು ಕರೆಸಿಕೊಂಡರೆ ಮಾವನಿಗೆ ಆಗದು. ಅವತ್ತು ಮಾತ್ರ ಆಯಿತು. ಚೀಟಿ ಜೇಬಿಗಿಟ್ಟುಕೊಂಡು ಹೊರಗೆ ಬಂದವರು ಶಾಮಿಯಾನದ ಅಂಚಿನಲ್ಲಿ ಗಕ್ಕನೆ ನಿಂತರು. ಅಲ್ಲಿ ಕುರ್ಚಿಯ ಮೇಲೆ ಕೂತಿದ್ದ ಒಬ್ಬ ಹಿರಿಯರನ್ನು, ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹೋಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡತೊಡಗಿದರು.

‘ಏನ್ ಯಜಮಾನ್ರೆ, ಅಂಗ್ ನೋಡ್ತೀರಿ?’ ಎಂದರು ಆ ಹಿರಿಯರು. ‘ಸಾಲ ಗೀಲ ಕೊಟ್ಟಿದ್ರಾ ನಂಗೆ?’

‘ಸಾಲ ಅಲ್ಲ ಸ್ವಾಮಿ. ನಿಮ್ ಕಿವಿ ನೋಡ್ತಿದೀನಿ.’

ಅವರ ಕಿವಿಯ ಹಿಂದೆಯೂ ಅಂಥದೇ ತಂತಿಯ ಕೊಕ್ಕೆ! ಅವರು ಶಿವನಸಮುದ್ರದ ಪವರ್ ಹೌಸಿನಲ್ಲಿದ್ದು ನಿವೃತ್ತರಾದವರು. ಬಗ್ಗಿ ಬಗ್ಗಿ ಮೆಷಿನ್ನು ನೋಡುವ ಕೆಲಸ. ‘ನೆಟ್ಟಗಿರೋ ಕಡ್ಡಿ ಆದ್ರೆ ಸೀದಾ ಒಳಕ್ಕೇ ಓಯ್ತದೆ. ಅದ್ಕೇ ಇದು. ರಿಟೈರಾದ್ರೂ ಕಿವಿ ಬುಡಲ್ಲ ಅಂತದೆ’ ಎಂದು ನಕ್ಕರು. ಫ್ರೇಮು ಹಳೆಯದು. ಲೆನ್ಸು ಫಳಫಳ ಹೊಸದು.

‘ಎಲ್ ಹಾಕ್ಸಿದ್ರಿ?’ ಎಂದು ನಾನೂ ಮಾವನೂ ಒಟ್ಟಿಗೇ ಕೇಳಿದೆವು.

‘ಮಳವಳ್ಳಿ. ಬಸ್ ಸ್ಟಾಂಡ್ ಹಿಂದ್ಗಡೆ ಮುಬೀನಮ್ಮ ಅಂತ ಅವ್ರೆ. ಬಾಯಿ ಒಸಿ ಜೋರು. ಕೆಲ್ಸ ಮಾಡ್ಕೊಡ್ತಾರೆ.’

ಮಳವಳ್ಳಿ ತಲುಪಿದಾಗ ಎರಡೂ ಹತ್ತು. ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ, ದನಿ ರಸ್ತೆಗೇ ಕೇಳುತ್ತಿತ್ತು. ಒಂದು ಸಣ್ಣ ಕೋಣೆ, ಲೆನ್ಸು ಉಜ್ಜುವ ಮೆಷಿನ್ನು, ಡ್ರಾಯರುಗಳ ತುಂಬ ಲೆನ್ಸಿನ ಲಕೋಟೆಗಳು. ತಲೆಯ ಮೇಲೆ ದುಪಟ್ಟಾ ಹೊದ್ದು ಮುಬೀನಮ್ಮ ಯಾರಿಗೋ ಫೋನಿನಲ್ಲಿ ಬೈಯುತ್ತಿದ್ದರು. ಫೋನು ಇಟ್ಟು ನಮ್ಮ ಕಡೆ ಕೈ ಚಾಚಿದರು. ಕನ್ನಡಕವನ್ನೂ ಚೀಟಿಯನ್ನೂ ಕೊಟ್ಟೆ.

‘ಲೆನ್ಸ್ ಮಾತ್ರ. ಇವತ್ತೇ ಬೇಕು’ ಎಂದೆ.

‘ಇವತ್ತೇ ಬೇಕು ಅನ್ನೋರೇ ಎಲ್ಲಾ’ ಎಂದು ಚೀಟಿ ಓದಿದರು. ‘ಬಚಾವಾದ್ರಿ. ಸಾದಾ ನಂಬರು. ರೆಡಿ ಲೆನ್ಸ್ ಐತೆ. ಮುರಿದ್ರೆ ನನ್ನ ಕೇಳಂಗಿಲ್ಲ ಅಂತ ಮೊದಲೇ ಹೇಳ್ತೀನಿ. ಮುರಿಯಲ್ಲ ಅಂತಾನೂ ಹೇಳ್ತೀನಿ. ಕೂತ್ಕೊಳ್ಳಿ.’

ಆಮೇಲೆ ಹಳೆಯ ಲೆನ್ಸುಗಳನ್ನು ಫ್ರೇಮಿನಿಂದ ಬಿಡಿಸಿ, ಒಂದನ್ನು ಬೆಳಕಿಗೆ ಹಿಡಿದು, ‘ಇದ್ಯಾಕಣ್ಣ ಇಂಗಾಗೈತೆ? ಮರಳಲ್ಲಿ ಉಜ್ಜಿದ್ರಾ?’ ಎಂದರು.

‘ಯಾರಾರ ಕನ್ನಡ್ಕನ ಮರಳಲ್ಲಿ ಉಜ್ತಾರಾ? ಕೊಡಿ ಇಲ್ಲಿ.’ ಮಾವ ಅವರ ಮೇಜಿನ ಮೇಲಿದ್ದ ದೊಡ್ಡ ಭೂತಗನ್ನಡಿ ಎಳೆದುಕೊಂಡು, ಅದರ ಕೆಳಗೆ ತಮ್ಮದೇ ಲೆನ್ಸನ್ನು ಹಿಡಿದರು. ಒಂದು ವರ್ಷದಿಂದ ಆ ಲೆನ್ಸಿನ ಮೂಲಕ ಲೋಕವನ್ನೆಲ್ಲ ನೋಡಿದ್ದರು. ಲೆನ್ಸನ್ನೇ ನೋಡಿದ್ದು ಅದೇ ಮೊದಲು.

ಬಹಳ ಹೊತ್ತು ನೋಡಿದರು.

‘ಇದು ಗೀರಲ್ಲ ಕಣಮ್ಮ’ ಎಂದರು ಕೊನೆಗೆ. ‘ಗೀರಾದ್ರೆ ಉದ್ದಕ್ಕೆ ಇರ್ತದೆ. ಇದು ನೋಡಿ, ಸಣ್ಣ ಸಣ್ಣ ಬಿರುಕು, ಒಂದ್ರಿಂದ ಇನ್ನೊಂದು ಕವಲು ಒಡೆದದೆ. ಬಿಸಿ ಪಾಕನ ತಣ್ಣಗಿರೋ ಕಲ್ಲಿನ ಮ್ಯಾಲೆ ಸುರುದ್ರೆ ಮೇಲ್ಗಡೆ ಪದರ ಇಂಗೇ ಬಿರೀತದೆ. ಒಳಗಡೆ ಏನೂ ಆಗಿರಾಕಿಲ್ಲ. ಇದು ಬಿಸಿ ಏಟು.’

ಮುಬೀನಮ್ಮ ಇನ್ನೊಂದು ಲೆನ್ಸನ್ನು ಓರೆಯಾಗಿ ಹಿಡಿದರು. ಅಂಚಿನಲ್ಲಿ ಹಸಿರು ಮಿಂಚಿತು. ‘ಕೋಟಿಂಗ್ ಲೆನ್ಸು! ಆಲೆಮನೇಲಿ ಕೋಟಿಂಗ್ ಲೆನ್ಸ್ ಹಾಕ್ಕೊಂಡು ಏನ್ ಮಾಡ್ತಿದ್ರಣ್ಣ?’

ಮಾವ ಸ್ವಲ್ಪ ಎದೆಯುಬ್ಬಿಸಿ ಹೇಳಿದರು, ‘ಅದು ಕಂಪ್ಯೂಟರ್ ಲೆನ್ಸು.’

ಹೌದು. ಹೋದ ವರ್ಷ ಮೈಸೂರಿಗೆ ಮದುವೆಗೆ ಹೋದಾಗ ಒಂದು ಅಂಗಡಿಯಲ್ಲಿ ಹಾಕಿಸಿಕೊಂಡದ್ದು. (ಅಲ್ಲೀಗ ಮೊಬೈಲ್ ಕವರ್ ಮಾರುತ್ತಾರೆ.) ಕಂಪ್ಯೂಟರ್ ಕೋಟಿಂಗ್ ಇದೆ, ಕಣ್ಣಿಗೆ ತಂಪು ಎಂದಿದ್ದರಂತೆ. ಕಂಪ್ಯೂಟರನ್ನು ಬ್ಯಾಂಕಿನ ಕಿಟಕಿಯಾಚೆಗಷ್ಟೇ ಕಂಡಿದ್ದ ನಮ್ಮ ಮಾವ ವರ್ಷವಿಡೀ ಕಂಪ್ಯೂಟರ್ ಕನ್ನಡಕ ಹಾಕಿಕೊಂಡು ಬೆಲ್ಲ ಬೇಯಿಸಿದ್ದರು!

‘ಇದನ್ನ ತೊಳೆಯೋದು ಎಂಗೆ?’ ಎಂದರು ಮುಬೀನಮ್ಮ.

‘ಇನ್ನೆಂಗೆ? ಬಿಸಿನೀರಲ್ಲಿ. ದಿನಾ ಸಂಜೆ. ಪಾಕ ಸಿಡಿದು ಜಿಗಟಾಗಿರ್ತದಲ್ಲ, ತಣ್ಣೀರಿಗೆ ಬೆಲ್ಲ ಬುಡ್ತದಾ?’

‘ಎಷ್ಟು ಬಿಸಿ?’

‘ಕೈ ಅದ್ದಿದ್ರೆ ಕೈ ತಕ್ಕಬೇಕು, ಅಷ್ಟು. ಈಚೀಚೆಗೆ ಮಬ್ಬು ಜಾಸ್ತಿ ಆಯ್ತಲ್ಲ, ಇನ್ನೂ ಒಸಿ ಕಾಯ್ಸಕ್ಕೇಳಿದ್ದೆ ನಮ್ಮನೇರ್ಗೆ.’

ಮುಬೀನಮ್ಮ ಹಣೆಗೆ ಕೈ ಇಟ್ಟುಕೊಂಡರು. ನಾನೂ ಇಟ್ಟುಕೊಂಡೆ. ಬಿಸಿಗೆ ಲೆನ್ಸು ಹಿಗ್ಗುತ್ತದೆ. ಮೇಲೆ ಬಳಿದ ತೆಳು ಪದರ ಅಷ್ಟು ಹಿಗ್ಗಲಾರದು, ಬಿರಿಯುತ್ತದೆ. ಮಬ್ಬು ಹೆಚ್ಚಾದಷ್ಟೂ ನಮ್ಮವರು ನೀರು ಕಾಯಿಸಿದರು. ನೀರು ಕಾದಷ್ಟೂ ಮಬ್ಬು ಹೆಚ್ಚಾಯಿತು. ಆಲೆಮನೆಯಲ್ಲಿ ಪಾತ್ರೆ, ಸೌಟು, ಅಚ್ಚಿನ ಮಣೆ ಎಲ್ಲವನ್ನೂ ತೊಳೆಯುವುದು ಬಿಸಿನೀರಲ್ಲೇ. ಕನ್ನಡಕವೊಂದನ್ನು ಬೇರೆ ಥರ ತೊಳೆಯಬೇಕು ಎಂದು ಯಾರಿಗೆ ಹೊಳೆಯಬೇಕು?

‘ಅಂಗಾರೆ ಗಾಜಿನ ಲೆನ್ಸೇ ಹಾಕಿ’ ಎಂದರು ಮಾವ. ‘ಬಿಸಿಗೆ ಜಗ್ಗಲ್ಲ.’

‘ಐತೆ, ಹಾಕ್ತೀನಿ. ಒಡೆದ್ರೆ?’

ಮೂವರಿಗೂ ಕಂಡದ್ದು ಒಂದೇ: ಕುದಿಯುವ ಕೊಪ್ಪರಿಗೆ, ಅದರೊಳಗೆ ಗಾಜಿನ ಚೂರು.

‘ಬ್ಯಾಡ’ ಎಂದರು ಮಾವ.

‘ಪ್ಲಾಸ್ಟಿಕ್ ಇರಲಿ. ಕೋಟಿಂಗ್ ಬೇಡ, ಹಸಿರು ಬೇಡ, ಕಂಪ್ಯೂಟರ್ ಬೇಡ. ಸಾದಾ ಬೈಫೋಕಲ್’ ಎಂದೆ ನಾನು.

ಎಲ್ಲಕ್ಕಿಂತ ಅಗ್ಗದ್ದು ಅದೇ. ಲೆನ್ಸು ಜೊತೆ, ಕೂರಿಸುವ ಕೂಲಿ ಸೇರಿ ಐನೂರೈವತ್ತು. ಪ್ಯಾಕೇಜಿನ ಮುಂದೆ ಇದು ಯಾವ ಮೂಲೆಗೆ? ಅಗ್ಗದ್ದು ಸಿಕ್ಕಿತೆಂದು ಹಿಗ್ಗುತ್ತಿಲ್ಲ. ಆಲೆಮನೆಗೆ ಸರಿಯಾದದ್ದೇ ಅದು. ಹೆಚ್ಚು ಹಣ ಕೊಟ್ಟು ಕೊಂಡಿದ್ದರೆ ಬರುವ ವರ್ಷ ಮತ್ತೆ ಇದೇ ಮಬ್ಬು.

ಇನ್ನೊಂದು ತೊಡಕು ಉಳಿದಿತ್ತು. ಫ್ರೇಮಿನ ತಿರುಪು ಅಲ್ಲಾಡಲಿಲ್ಲ. ಒಂದು ವರ್ಷದ ಬೆಲ್ಲ ಅದರೊಳಗೆ ಕೂತು ಕಲ್ಲಾಗಿತ್ತು. ಬಲ ಹಾಕಿದರೆ ತಿರುಪಿನ ತಲೆ ಮುರಿಯುತ್ತದೆ. ಮುಬೀನಮ್ಮ ಒಂದು ಲೋಟ ತೆಗೆದುಕೊಂಡು ಪಕ್ಕದ ಟೀ ಅಂಗಡಿಗೆ ಕೂಗಿದರು, ‘ಒಸಿ ಬಿಸಿನೀರು ಕೊಡಣ್ಣ!’

ಮಾವ ಕೂತಲ್ಲಿಂದ ಎದ್ದುಬಿಟ್ಟರು. ‘ನೋಡ್ದಾ ಮಗ? ಬಿಸಿನೀರು! ನಾನೇಳ್ಳಿಲ್ವಾ, ಬೆಲ್ಲ ಬುಡಾದು ಅದ್ಕೇ!’

‘ಫ್ರೇಮಿಗೆ ಕಣಣ್ಣ, ಫ್ರೇಮಿಗೆ! ಲೆನ್ಸ್ ಬಿಚ್ಚಿಟ್ಟಿಲ್ವಾ ನಾನು ಪಕ್ಕಕ್ಕೆ? ಕೂತ್ಕೊಳ್ಳಿ ಸುಮ್ಕೆ.’

(ಒಂದು ಕಡೆಯ ಲೆನ್ಸನ್ನು ಒತ್ತಿ ತೆಗೆದಿದ್ದರು, ಇನ್ನೊಂದು ಕಡೆಯದನ್ನು ಫ್ರೇಮಿನ ತಂತಿ ಒಂಚೂರು ಬಗ್ಗಿಸಿ. ಹೊಸದನ್ನು ಕೂರಿಸಲು ಮಾತ್ರ ತಿರುಪು ಬಿಚ್ಚಲೇಬೇಕು.) ತಿರುಪು ನೆನೆಯಿತು, ಮೆತ್ತಗಾಯಿತು, ತಿರುಗಿತು. ಲೋಟದ ನೀರು ಚಹಾದ ಬಣ್ಣಕ್ಕೆ ಬಂತು. ಮೆಷಿನ್ನು ಗಿರ್ ಎಂದಿತು. ಮೊದಲ ಸಲ ಲೆನ್ಸು ದೊಡ್ಡದಾಯಿತು. ಎರಡನೆಯ ಸಲವೂ ಕೂದಲೆಳೆಯಷ್ಟು ದೊಡ್ಡದು. ಮುಬೀನಮ್ಮ ಒತ್ತುವಾಗ ಫ್ರೇಮಿನ ತಂತಿ ‘ಟಿಕ್’ ಎಂದಿತು. ಮಾವ ಕಣ್ಣು ಮುಚ್ಚಿಕೊಂಡರು. ಈ ಫ್ರೇಮು ಹೋದರೆ ಇಂಥದು ಇನ್ನೊಂದಿಲ್ಲ, ಶುಕ್ರವಾರವೂ ಇಲ್ಲ.

‘ಏನೂ ಆಗಿಲ್ಲ. ಕೂತ್ಕೊಂಡ ಸದ್ದು ಅದು’ ಎಂದು ಮುಬೀನಮ್ಮ ಎರಡನೆಯದನ್ನೂ ಕೂರಿಸಿ, ತಿರುಪು ಬಿಗಿದು, ಕೊಕ್ಕೆಗಳನ್ನು ಮಾವನ ಕಿವಿಗೆ ತಾವೇ ಸುತ್ತಿದರು. ‘ನೋಡಿ ಈಗ.’

ಮಾವ ಬಾಗಿಲಾಚೆ ನೋಡಿದರು. ‘ಹಲಗೂರು’ ಎಂದರು. ಆ ಬೋರ್ಡಿನ ಬಸ್ಸೊಂದು ತಿರುಗುತ್ತಿತ್ತು. ‘ಆ ಬಸ್ಸಿಗೆ ಹಿಂದ್ಗಡೆ ಲೈಟು ಒಡ್ದೋಗದೆ.’ ಆಮೇಲೆ ನನ್ನ ಕಡೆ ತಿರುಗಿದರು. ‘ನೀನು ಇಷ್ಟೊಂದು ಸಣ್ಣಗಾಗಿದೀಯಲ್ಲ ಮಗ. ಊಟ ಮಾಡಲ್ವಾ?’

‘ಹತ್ರದ್ದು ಓದು ಮಾವ’ ಎಂದು ಕೈಗೆ ಸಿಕ್ಕಿದ ಡಯರಿಯನ್ನೇ ಹಿಡಿದೆ. ತೆರೆದುಕೊಂಡದ್ದು ಶುಕ್ರವಾರದ ಹಾಳೆ. ಮಾವ ಗಲ್ಲ ಎತ್ತಿ, ಲೆನ್ಸಿನ ಕೆಳಗಿನ ಅರ್ಧಚಂದ್ರದಲ್ಲಿ, ಅಕ್ಷರ ಬಿಡದೆ ಓದಿದರು: ‘ಮಾವ ಕೊಪ್ಪರಿಗೆಯ ಪಕ್ಕ ನಿಲ್ಲಬೇಕು.’

ಡಯರಿ ಮುಚ್ಚಿ ನನ್ನ ಕೈಗಿಟ್ಟರು.

‘ನಿಂತ್ಕತೀನಿ ಬುಡು’ ಎಂದರು.

ಮಂಡ್ಯದ ಬಸ್ಸಿನಲ್ಲಿ ಕೂತು ನಾನು ಯೋಚಿಸಿದ್ದು ಇಷ್ಟು. ಬೋರೇಗೌಡರು ಮಾವನನ್ನೇ ಬದಲಾಯಿಸಲು ಹೊರಟಿದ್ದರು. ಊರವರು ಮಾವನ ಕಣ್ಣನ್ನೇ ಕೊಯ್ಯಿಸಲು ಹೊರಟಿದ್ದರು. ಅಂಗಡಿಯವರು ಫ್ರೇಮನ್ನೇ ಎಸೆಯಲು ಹೊರಟಿದ್ದರು. ಕೆಟ್ಟಿದ್ದದ್ದು ಯಾವುದು ಎಂದು ನೋಡುವ ಮೊದಲೇ ಎಲ್ಲರ ಹತ್ತಿರವೂ ಬದಲಿ ಸಿದ್ಧವಾಗಿತ್ತು. ಜಿಪ್ಪು ಕೆಟ್ಟರೆ ಬ್ಯಾಗು ಬಿಸಾಡುತ್ತೇವೆ, ಜಾರಿನ ಬ್ಲೇಡು ಸವೆದರೆ ಮಿಕ್ಸಿಯನ್ನೇ ಬದಲಾಯಿಸುತ್ತೇವೆ. ಮನುಷ್ಯರ ವಿಷಯದಲ್ಲೂ ಅದೇ ಅಭ್ಯಾಸ ಬಂತೇ?

ಶುಕ್ರವಾರ ಬೆಳಿಗ್ಗೆ ಆರಕ್ಕೆಲ್ಲ ನಾನು ಆಲೆಮನೆಯಲ್ಲಿದ್ದೆ. ಕೊಪ್ಪರಿಗೆ ಕುದಿಯುತ್ತಿತ್ತು. ಮಾವ ಯಾವಾಗಿನಂತೆ ಗಾಳಿ ಬರುವ ಕಡೆ ಬೆನ್ನು ಕೊಟ್ಟು ನಿಂತಿದ್ದರು (ಹಾಗೆ ನಿಂತರೆ ಹಬೆ ಕನ್ನಡಕಕ್ಕೆ ಕಟ್ಟುವುದಿಲ್ಲ). ಬೋರೇಗೌಡರು ತಣ್ಣೀರಿನ ಬಟ್ಟಲು ಹಿಡಿದು ಎದುರಿಗೆ. ನೊರೆ ಉಕ್ಕಿತು, ಇಳಿಯಿತು. ಬಣ್ಣ ಕೆಂಪಾಗತೊಡಗಿತು.

‘ಆಯ್ತಲ್ವೇನ್ಲಾ?’ ಎಂದರು ಗೌಡರು.

‘ಇಲ್ಲ.’

‘ಸೀಯ್ತದೆ ಕಣ್ಲಾ, ಮೊನ್ನೆ ಥರ!’

‘ಇಲ್ಲ ಗೌಡ್ರೆ. ದೊಡ್ಡ ಗುಳ್ಳೆ ಇನ್ನೂ ಒಡೀತಾವೆ ನೋಡಿ, ಆ ಅಂಚಲ್ಲಿ. ಕಾಣಾಕಿಲ್ವಾ ನಿಮ್ಗೆ?’

ಗೌಡರು ಬಗ್ಗಿ ನೋಡಿದರು. ಕಂಡಿತೋ ಇಲ್ಲವೋ, ಹೇಳಲಿಲ್ಲ. ನನಗಂತೂ ಕಾಣಲಿಲ್ಲ. ಮಾವ ಕಣ್ಣು ಕೀಳದೆ ನಿಂತೇ ಇದ್ದರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಕನ್ನಡಕ ಕದಲಲಿಲ್ಲ.

‘ಈಗ.’ ಒಂದು ಹನಿ ಬಟ್ಟಲಿಗೆ ಬಿತ್ತು. ಗೌಡರು ಬೆರಳು ಹಾಕಿ ಉರುಳಿಸಿದರು. ಉಂಡೆ ಗಟ್ಟಿಯಾಗಿ ನಿಂತಿತು.

‘ಇಳಿಸ್ರಲಾ!’ ಎಂದು ಮಾವ ಕೂಗಿದ ಕೂಗಿಗೆ ಹೊರಗಿದ್ದ ನಾಯಿ ಎದ್ದು ಓಡಿತು.

ಅಚ್ಚುಗಳು ತಣಿದ ಮೇಲೆ ಗೌಡರು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡರು. ಮಾವನನ್ನು ಹೊಗಳಲಿಲ್ಲ, ಮೊನ್ನೆಯ ಮಾತನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ‘ನಾಳೆ ಎರಡು ಕೊಪ್ಪರಿಗೆ ಅದೆ. ಬ್ಯಾಗ ಬಾ’ ಎಂದಷ್ಟೇ ಹೇಳಿ ಹೋದರು.

ಅಷ್ಟರಲ್ಲಿ ಅತ್ತೆ ಬಂದರು. ಕೈಯಲ್ಲಿ ಹೊಗೆಯಾಡುವ ಚೊಂಬು. ‘ಕನ್ನಡ್ಕ ಕೊಡಿ, ತೊಳ್ಕೊಡ್ತೀನಿ.’

‘ಬ್ಯಾಡಾ!’ ಎಂದು ನಾನೂ ಮಾವನೂ ಕಿರುಚಿದೆವು. ಈಗ ಹೊಸ ನಿಯಮ: ಬಚ್ಚಲ ತೊಟ್ಟಿಯ ತಣ್ಣೀರಲ್ಲಿ ಹತ್ತು ನಿಮಿಷ ನೆನೆಸಿ, ಒಂದು ಚೂರು ಸೋಪಿನ ನೊರೆಯಲ್ಲಿ ಬೆರಳಾಡಿಸುವುದು. ತಣ್ಣೀರಿಗೂ ಬೆಲ್ಲ ಬಿಡುತ್ತದೆ. ಸ್ವಲ್ಪ ಹೊತ್ತು ಕಾಯಬೇಕು, ಅಷ್ಟೇ.

ಕೆಲಸ ಪೂರ್ತಿ ಮುಗಿದಿಲ್ಲ. ಮಾವನ ಫ್ರೇಮಿನ ಎಡಗಡೆಯ ಕೊಕ್ಕೆ ಸವೆದಿದೆ. ಇನ್ನೊಂದು ಸಲ ಲೆನ್ಸು ಕೂರಿಸಬಹುದು, ಅದರಾಚೆಗೆ ಮಾತು ಕೊಡಲಾರೆ ಎಂದಿದ್ದಾರೆ ಮುಬೀನಮ್ಮ. ಕಿವಿ ಸುತ್ತುವ ಕಡ್ಡಿಯ ಫ್ರೇಮು ಈಗಲೂ ಎಲ್ಲಾದರೂ ಸಿಗುತ್ತದೆಯೇ? ಹಳೆಯ ಫ್ರೇಮಿಗೆ ಬರಿಯ ಕೊಕ್ಕೆ ಮಾತ್ರ ಹಾಕಿಕೊಡುವವರು ಯಾರಾದರೂ ಇದ್ದಾರೆಯೇ? ಗೊತ್ತಿದ್ದವರು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ.

ಅಕ್ಷರ ಎಷ್ಟು ಸಣ್ಣದಿದ್ದರೂ ಚಿಂತೆಯಿಲ್ಲ. ಓದುವವರು ಮಾವ.